ಆತ್ಮಗಳ ಲೆಕ್ಕ ತಪ್ಪಿದಾಗ: ‘ಬ್ಲೀಚ್’ ಸರಣಿಯ ಕೊನೆಯ ಯುದ್ಧ ಅರ್ಥವಾಗಬೇಕಾದರೆ

ಜಪಾನಿನ ಅನಿಮೆ (ಆನಿಮೇಷನ್) ಸರಣಿ ‘ಬ್ಲೀಚ್: ಥೌಸಂಡ್ ಇಯರ್ ಬ್ಲಡ್ ವಾರ್’ ಶುರುವಾದ ಸ್ವಲ್ಪದರಲ್ಲೇ ಒಂದು ದೃಶ್ಯ ಬರುತ್ತದೆ. ಸತ್ತವರ ಆತ್ಮಗಳನ್ನು ಪರಲೋಕಕ್ಕೆ ಕಳಿಸುವ ಶಿನಿಗಾಮಿಗಳ ಹದಿಮೂರು ದಳಗಳಲ್ಲಿ ಹನ್ನೆರಡನೆಯದರ ನಾಯಕ ಮಾಯುರಿ, ಮುಖ್ಯ ನಾಯಕ ಯಾಮಾಮೊಟೊ ಎದುರು ನಿಂತು, ಪರಲೋಕದ ರುಕೊಂಗಾಯ್ ಎಂಬ ಪ್ರದೇಶದ ನಿವಾಸಿಗಳಲ್ಲಿ 28,000 ಮಂದಿಯನ್ನು ತಾನು ಕೊಲ್ಲಿಸಿದ್ದಾಗಿ ಒಪ್ಪಿಸುತ್ತಾನೆ. ಸತ್ತವರು ಶತ್ರುಗಳಲ್ಲ. ಭೂಮಿಯಲ್ಲಿ ಆಯಸ್ಸು ಮುಗಿಸಿ ಪರಲೋಕಕ್ಕೆ ಬಂದು ತಮ್ಮ ಪಾಡಿಗೆ ತಾವಿದ್ದ ಸಾಮಾನ್ಯ ಆತ್ಮಗಳು. ಎರಡು ಲೋಕಗಳ ನಡುವಿನ ಸಮತೋಲ ಕೆಡುತ್ತಿತ್ತು, ಅದನ್ನು ಸರಿಪಡಿಸಲು ಬೇರೆ ದಾರಿ ಇರಲಿಲ್ಲ ಎಂಬುದು ಅವನ ಸಮಜಾಯಿಷಿ. ಅನುಮತಿ ಏಕೆ ಕೇಳಲಿಲ್ಲ ಎಂದು ಯಾಮಾಮೊಟೊ ಸಿಡಿದರೆ, ಸಾವಿರ ವರ್ಷದ ಹಿಂದೆ ನೀವು ಒಬ್ಬನನ್ನು ಕೊಲ್ಲದೆ ಬಿಟ್ಟದ್ದರ ಫಲ ಇದು ಎಂದು ಮಾಯುರಿ ತಿರುಗಿ ಆರೋಪಿಸುತ್ತಾನೆ.

ಇಲ್ಲಿ ಕತ್ತಿ ಝಳಪಿಸುವುದಿಲ್ಲ, ಯಾರೂ ಗೋಡೆ ಒಡೆದುಕೊಂಡು ಹಾರುವುದಿಲ್ಲ. ಹಾಗಾಗಿ ಅನೇಕರು ಇದನ್ನು ಗಮನಿಸದೆ ಮುಂದಿನ ಕಾಳಗಕ್ಕೆ ಹೋಗಿಬಿಡುತ್ತಾರೆ. ನನ್ನ ಪ್ರಕಾರ ಇಡೀ ಸರಣಿಯನ್ನು ಬಿಡಿಸುವ ಎಳೆ ಸಿಗುವುದು ಇಲ್ಲೇ. ಕ್ವಿನ್ಸಿ ಯಾರು, ಅವರಿಗೆ ಇಷ್ಟು ದ್ವೇಷ ಏಕೆ, ಕಥಾನಾಯಕ ಇಚಿಗೊ ನಿಜಕ್ಕೂ ಏನು, ಆತ್ಮರಾಜ ಸತ್ತರೆ ಲೋಕವೇಕೆ ನಡುಗುತ್ತದೆ ಎಂಬ ಪ್ರಶ್ನೆಗಳೆಲ್ಲ ಈ ಆತ್ಮಗಳ ಲೆಕ್ಕದಿಂದಲೇ ಹುಟ್ಟುತ್ತವೆ. ಕಥೆ ಗೋಜಲು ಎಂದು ಅರ್ಧಕ್ಕೆ ಕೈಬಿಟ್ಟವರು ಆ ಲೆಕ್ಕವನ್ನು ಹಿಡಿದುಕೊಂಡು ಮತ್ತೆ ನೋಡಬೇಕು ಎಂಬುದೇ ಈ ಬರಹದ ಆಸೆ. ಮೂರನೆಯ ಭಾಗದವರೆಗಿನ ಗುಟ್ಟುಗಳು ಇಲ್ಲಿ ಬಯಲಾಗುತ್ತವೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಮೊದಲು ಈ ‘ಮುಂದುವರಿದ ಭಾಗ’ ಹತ್ತು ವರ್ಷ ತಡವಾಗಿ ಬಂದದ್ದೇಕೆ ಎಂಬುದು ತಿಳಿದಿರಬೇಕು. ಟೈಟ್ ಕುಬೊ ಅವರ ಮಾಂಗಾ (ಮೂಲ ಚಿತ್ರಕಥೆ) 2001ರ ಆಗಸ್ಟ್‌ನಲ್ಲಿ ಜಪಾನಿನ ‘ವೀಕ್ಲಿ ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ ಆರಂಭವಾಗಿ, 2016ರ ಆಗಸ್ಟ್‌ನಲ್ಲಿ 686ನೆಯ ಅಧ್ಯಾಯಕ್ಕೆ ಮುಗಿಯಿತು. ಪುಸ್ತಕವಾಗಿ ಒಟ್ಟು 74 ಸಂಪುಟಗಳು. ಸ್ಟುಡಿಯೊ ಪಿಯೆರೊ ನಿರ್ಮಿಸಿದ ಅನಿಮೆ 2004ರ ಅಕ್ಟೋಬರ್‌ನಿಂದ 2012ರ ಮಾರ್ಚ್‌ವರೆಗೆ ಟಿವಿ ಟೋಕಿಯೊ ವಾಹಿನಿಯಲ್ಲಿ ಬಂತು. ಹೆಚ್ಚುಕಡಿಮೆ ವಾರಕ್ಕೊಂದರಂತೆ 366 ಕಂತುಗಳು.

ತೊಂದರೆ ಇದ್ದದ್ದು ಆ ‘ವಾರಕ್ಕೊಂದು’ ಎಂಬುದರಲ್ಲೇ. ಮಾಂಗಾದ ಒಂದು ಅಧ್ಯಾಯವೆಂದರೆ ಸುಮಾರು ಇಪ್ಪತ್ತು ಪುಟ. ಅದರಲ್ಲೂ ಕುಬೊ ಪುಟಗಳೆಂದರೆ ಬಿಳಿ ಜಾಗ ಹೆಚ್ಚು, ಮಾತು ಕಡಿಮೆ. ಅರ್ಧ ಗಂಟೆಯ ಕಂತೊಂದು ಅಂಥ ಒಂದು ಅಧ್ಯಾಯವನ್ನು ಸಲೀಸಾಗಿ ಮುಗಿಸಿ ಇನ್ನೊಂದಕ್ಕೆ ಕೈಹಾಕುತ್ತದೆ. ಕಥೆಗಾರ ವಾರಕ್ಕೆ ಒಂದು ಬರೆದು ಅನಿಮೆ ವಾರಕ್ಕೆ ಒಂದೂವರೆ ಮುಗಿಸುತ್ತಾ ಹೋದರೆ ಒಂದಲ್ಲ ಒಂದು ದಿನ ಅನಿಮೆಯ ಬಳಿ ಹೇಳಲು ಕಥೆಯೇ ಉಳಿಯುವುದಿಲ್ಲ. ಆಗ ಸ್ಟುಡಿಯೊ ಸ್ವಂತ ಕಥೆ ಹೆಣೆಯಬೇಕಾಗುತ್ತದೆ. ಅಭಿಮಾನಿಗಳು ಫಿಲ್ಲರ್ ಎನ್ನುವುದು ಇದನ್ನೇ. ಬೌಂಟ್ ಎಂಬ, ಮನುಷ್ಯರ ಆತ್ಮ ಹೀರುವವರ ಪ್ರಕರಣ ಹಾಗೆ ಬಂದದ್ದು. ಅಮಾಗಾಯ್ ಎಂಬ ಹೊಸ ನಾಯಕನ ಪ್ರಕರಣವಂತೂ ಇಚಿಗೊ ಮತ್ತು ಗೆಳೆಯರು ಶತ್ರುನೆಲದಲ್ಲಿ ಪ್ರಾಣ ಪಣಕ್ಕಿಟ್ಟು ಹೋರಾಡುತ್ತಿದ್ದಾಗ ನಡುವೆ ತೂರಿಕೊಂಡಿತು. ಹಿಂದಿನ ವಾರ ಗಾಯಗೊಂಡು ಬಿದ್ದವರು ಈ ವಾರ ಏನೂ ಆಗದವರಂತೆ ತಮ್ಮೂರಿನಲ್ಲಿ ಓಡಾಡುತ್ತಿದ್ದರು. ಈ ಬಗೆಯ ಅಡೆತಡೆಗಳಿಂದ ನೋಡುಗರ ತಾಳ್ಮೆ ಕೆಟ್ಟಿತು. ಮಾಂಗಾದ ಕೊನೆಯ ಮಹಾಪರ್ವ ಆಗಷ್ಟೇ ಪತ್ರಿಕೆಯಲ್ಲಿ ಆರಂಭವಾಗಿದ್ದ ಹೊತ್ತಿಗೆ ಅನಿಮೆ ನಿಂತೇಹೋಯಿತು.

ಆ ಮಹಾಪರ್ವವೇ ‘ಸಾವಿರ ವರ್ಷದ ರಕ್ತಯುದ್ಧ’: 480ನೆಯ ಅಧ್ಯಾಯದಿಂದ 686ರವರೆಗೆ. ಅದನ್ನು ತೆರೆಗೆ ತರುವ ಘೋಷಣೆ ಬಂದದ್ದು 2020ರಲ್ಲಿ, ಪ್ರಸಾರ ಆರಂಭವಾದದ್ದು 2022ರ ಅಕ್ಟೋಬರ್ 11ರಂದು. ಸ್ಟುಡಿಯೊ ಅದೇ ಪಿಯೆರೊ, ಹಿನ್ನೆಲೆ ಸಂಗೀತ ಅದೇ ಶಿರೊ ಸಾಗಿಸು ಅವರದು. ನಿರ್ದೇಶನ ಮಾತ್ರ ನೊರಿಯುಕಿ ಅಬೆ ಅವರಿಂದ ತೊಮೊಹಿಸಾ ತಾಗುಚಿ ಅವರ ಕೈಗೆ ಬಂತು. ಎಲ್ಲಕ್ಕಿಂತ ಮುಖ್ಯವಾಗಿ ಪ್ರಸಾರದ ಪದ್ಧತಿ ಬದಲಾಯಿತು. ಜಪಾನಿನ ದೂರದರ್ಶನದಲ್ಲಿ ವರ್ಷವನ್ನು ಮೂರು ಮೂರು ತಿಂಗಳ ನಾಲ್ಕು ಪಾಲು ಮಾಡಿ, ಒಂದೊಂದು ಪಾಲನ್ನು ‘ಕೂರ್’ ಎನ್ನುತ್ತಾರೆ. ಒಂದು ಕೂರ್‌ಗೆ ಹನ್ನೆರಡು, ಹದಿಮೂರು ಕಂತು. ಹೊಸ ‘ಬ್ಲೀಚ್’ ಅನ್ನು ಅಂಥ ನಾಲ್ಕು ಕೂರ್‌ಗಳಾಗಿ ಯೋಜಿಸಿ, ನಡುನಡುವೆ ದೀರ್ಘ ಬಿಡುವು ಕೊಟ್ಟರು. ಮೊದಲ 13 ಕಂತು 2022ರ ಡಿಸೆಂಬರ್‌ಗೆ ಮುಗಿದವು. ‘ದಿ ಸೆಪರೇಷನ್’ ಎಂಬ ಎರಡನೆಯ ಭಾಗದ 13 ಕಂತು 2023ರ ಜುಲೈನಿಂದ ಸೆಪ್ಟೆಂಬರ್‌ವರೆಗೆ ಬಂದವು. ‘ದಿ ಕಾನ್‌ಫ್ಲಿಕ್ಟ್’ ಹೆಸರಿನ ಮೂರನೆಯದು 2024ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, 14 ಕಂತು. ನಾಲ್ಕನೆಯದೂ ಕೊನೆಯದೂ ಆದ ಭಾಗಕ್ಕೆ ‘ದಿ ಕಲಾಮಿಟಿ’ ಎಂದು ಹೆಸರಿಟ್ಟು 2026ಕ್ಕೆ ಘೋಷಿಸಿದರು.

ವರ್ಷಗಟ್ಟಲೆ ಕಾಯಿಸುತ್ತಾರೆ ಎಂಬ ದೂರು ಎಲ್ಲೆಡೆ ಇದೆ. ಆದರೆ ಆ ಬಿಡುವೇ ಈ ಸರಣಿಯನ್ನು ಉಳಿಸಿದ್ದು. ಮೂಲಕಥೆ ಪೂರ್ತಿ ಕೈಯಲ್ಲಿದೆ, ಆದ್ದರಿಂದ ಫಿಲ್ಲರ್ ಬೇಕಿಲ್ಲ. ಮುಂದೇನಾಗುತ್ತದೆ ಎಂದು ಗೊತ್ತಿರುವುದರಿಂದ ಮೊದಲ ಕಂತಿನಿಂದಲೇ ಅದಕ್ಕೆ ನೆಲ ಹದಮಾಡಬಹುದು. ಚಿತ್ರಕಾರರಿಗೆ ಒಂದೊಂದು ಕಾಳಗಕ್ಕೂ ಬೇಕಾದಷ್ಟು ಸಮಯ ಸಿಗುತ್ತದೆ. ಮೊದಲ 13 ಕಂತುಗಳಲ್ಲಿ ಮಾಂಗಾದ ಸುಮಾರು 60 ಅಧ್ಯಾಯಗಳು ಮುಗಿದಿವೆ. ಅಂದರೆ ಕಂತಿಗೆ ನಾಲ್ಕೈದು ಅಧ್ಯಾಯ. ಹಳೆಯ ಸರಣಿಯಲ್ಲಿ ಒಬ್ಬ ಕತ್ತಿ ಎತ್ತಿ ಇಳಿಸುವುದರೊಳಗೆ ಜಾಹೀರಾತು ಬರುತ್ತಿದ್ದುದನ್ನು ನೆನೆದವರಿಗೆ ಈ ವೇಗ ದಿಗಿಲು ಹುಟ್ಟಿಸುವಂಥದ್ದು. ಅದರಿಂದ ಒಂದು ನಷ್ಟವೂ ಇದೆ: ಉಸಿರಾಡಲು ಬಿಡುವುದಿಲ್ಲ. ಹಿಂದಿನ ಕಥೆ ಮರೆತವರಿಗೆ ಯಾರೂ ನಿಂತು ನೆನಪಿಸುವುದಿಲ್ಲ.

ಹಾಗಾಗಿ ಆತ್ಮಗಳ ಲೆಕ್ಕಕ್ಕೆ ಬರೋಣ. ‘ಬ್ಲೀಚ್’ ಜಗತ್ತಿನಲ್ಲಿ ಮನುಷ್ಯ ಸತ್ತರೆ ಶಿನಿಗಾಮಿ ಬಂದು, ತನ್ನ ಕತ್ತಿಯ ಹಿಡಿಯನ್ನು ಆತ್ಮದ ಹಣೆಗೆ ಒತ್ತಿ, ಸೋಲ್ ಸೊಸೈಟಿ ಎಂಬ ಪರಲೋಕಕ್ಕೆ ಕಳಿಸುತ್ತಾನೆ. ಅಲ್ಲಿ ಬಾಳಿದ ಆತ್ಮ ಮತ್ತೆ ಭೂಮಿಯಲ್ಲಿ ಹುಟ್ಟುತ್ತದೆ. ಹೋಗದೆ ಇಲ್ಲೇ ಉಳಿದ ಆತ್ಮ ಕಾಲಕ್ರಮದಲ್ಲಿ ಹೃದಯ ಕಳೆದುಕೊಂಡು, ಎದೆಯಲ್ಲಿ ತೂತು, ಮುಖಕ್ಕೆ ಬಿಳಿ ಮುಖವಾಡ ಹೊತ್ತ ‘ಹಾಲೋ’ ಆಗಿ, ಬೇರೆ ಆತ್ಮಗಳನ್ನು ತಿನ್ನತೊಡಗುತ್ತದೆ. ಶಿನಿಗಾಮಿಯ ಕತ್ತಿಗೆ ಹಾಲೋ ಬಲಿಯಾದರೆ ಅದು ನಾಶವಾಗುವುದಿಲ್ಲ. ಹಾಲೋ ಆದ ಮೇಲೆ ಮಾಡಿದ ಪಾಪ ತೊಳೆದುಹೋಗಿ, ಆ ಆತ್ಮವೂ ಪರಲೋಕ ಸೇರುತ್ತದೆ. ಬದುಕಿದ್ದಾಗಲೇ ಘೋರ ಪಾತಕ ಮಾಡಿದವರು ಮಾತ್ರ ನರಕಕ್ಕೆ. ಒಟ್ಟಿನಲ್ಲಿ ಆತ್ಮ ಎಲ್ಲಿದ್ದರೂ ಲೆಕ್ಕದೊಳಗೇ ಇರುತ್ತದೆ.

ಈ ಲೆಕ್ಕವನ್ನು ಮುರಿಯುವವರು ಕ್ವಿನ್ಸಿಗಳು. ಅವರು ಮನುಷ್ಯರೇ, ಸುತ್ತಲಿನ ಆತ್ಮಕಣಗಳನ್ನು ಸೆಳೆದು ಬಿಲ್ಲುಬಾಣ ಮಾಡಿಕೊಳ್ಳಬಲ್ಲವರು. ಅವರ ಬಾಣ ತಾಗಿದ ಹಾಲೋ ಇನ್ನಿಲ್ಲದಂತೆ ಅಳಿದುಹೋಗುತ್ತದೆ. ಇತ್ತ ಆತ್ಮಗಳು ಕಾಣೆಯಾದಷ್ಟೂ ಅತ್ತ ತಕ್ಕಡಿ ಭಾರವಾಗಿ ಕೆಳಗಿಳಿಯುತ್ತದೆ; ಮಿತಿ ಮೀರಿದರೆ ಎರಡೂ ಲೋಕ ಒಂದರ ಮೇಲೊಂದು ಕುಸಿಯುತ್ತವೆ. ಶಿನಿಗಾಮಿಗಳು ಎಚ್ಚರಿಸಿದರು, ಕ್ವಿನ್ಸಿಗಳು ಕೇಳಲಿಲ್ಲ. ತಮ್ಮ ಹೆಂಡತಿ ಮಕ್ಕಳನ್ನು ತಿಂದ ರಾಕ್ಷಸನಿಗೆ ಮೋಕ್ಷ ಕೊಡಬೇಕೆ ಎಂಬುದು ಅವರ ಪ್ರಶ್ನೆ. ಕೊನೆಗೆ 200 ವರ್ಷದ ಹಿಂದೆ ಶಿನಿಗಾಮಿಗಳು ಆ ಜನಾಂಗವನ್ನೇ ಅಳಿಸಿಹಾಕಿದರು. ಇದು ಹೊಸ ಸರಣಿ ಕಟ್ಟಿದ ಕಥೆಯಲ್ಲ. ಇಚಿಗೊನ ಗೆಳೆಯ, ಕ್ವಿನ್ಸಿ ಕುಲದ ಉರ್ಯೂ ಇಶಿದಾ ಮೊದಲ ಸಲ ಕಾಣಿಸಿಕೊಂಡಾಗಲೇ ಹೇಳಿದ್ದು. ಆಗ ಅದು ಒಂದು ಪಾತ್ರದ ಹಿನ್ನೆಲೆಯಾಗಿತ್ತು. ಈಗ ಅದೇ ನರಮೇಧ ಇಡೀ ಕಥೆಯ ತಳಪಾಯವಾಗಿ ಮೇಲೆದ್ದಿದೆ.

ಇದಕ್ಕೆ ಸೇರಿಸಬೇಕಾದ ಇನ್ನೊಂದೇ ನಿಯಮ: ಹಾಲೋ ಎಂಬುದು ಕ್ವಿನ್ಸಿಗಳ ದೇಹಕ್ಕೆ ವಿಷ. ಈ ಒಂದು ಮಾತು ಎಷ್ಟು ಬೀಗಗಳನ್ನು ತೆರೆಯುತ್ತದೆ ನೋಡಿ. ನೆರಳಿನೊಳಗೆ ಸಾಮ್ರಾಜ್ಯ ಕಟ್ಟಿಕೊಂಡು ಬದುಕುಳಿದಿದ್ದ ಕ್ವಿನ್ಸಿಗಳು, ಅಂದರೆ ವಾಂಡೆನ್‌ರೈಖ್ ಸೇನೆ, ಸೋಲ್ ಸೊಸೈಟಿಯ ಮೇಲೆ ದಾಳಿ ಮಾಡಿ ನಾಲ್ವರು ನಾಯಕರ ಬಾಂಕಾಯ್ ಅನ್ನೇ, ಅಂದರೆ ಕತ್ತಿಯ ಪರಮ ರೂಪವನ್ನೇ, ಪದಕವೊಂದರಿಂದ ಕಸಿದುಕೊಳ್ಳುತ್ತಾರೆ. ಇಚಿಗೊನ ಬಾಂಕಾಯ್ ಮಾತ್ರ ಅವರ ಕೈಗೆ ದಕ್ಕುವುದಿಲ್ಲ. ಏಕೆಂದರೆ ಅವನೊಳಗೆ ಹಾಲೋ ಇದೆ. ಇದನ್ನು ಗಮನಿಸಿದ ಶಿನಿಗಾಮಿ ವಿಜ್ಞಾನಿ ಉರಹಾರಾ ಎರಡನೆಯ ಭಾಗದಲ್ಲಿ, ಬಾಂಕಾಯ್‌ಗೆ ಕ್ಷಣಕಾಲ ಹಾಲೋ ಗುಣ ತುಂಬುವ ಗುಳಿಗೆ ತಯಾರಿಸುತ್ತಾನೆ. ಕದ್ದವರ ಮೈಗೆ ವಿಷವೇರಿ, ಬಾಂಕಾಯ್‌ಗಳು ಯಜಮಾನರಿಗೆ ಮರಳುತ್ತವೆ. ಕಥೆ ಎಷ್ಟೇ ಅಬ್ಬರಿಸಿದರೂ ಒಳಗೆ ತರ್ಕ ಗಟ್ಟಿಯಾಗಿರುವುದಕ್ಕೆ ಇದು ಒಳ್ಳೆಯ ಉದಾಹರಣೆ.

ಹೆಸರುಗಳ ಕಾಡಿನಲ್ಲಿ ದಾರಿ ತಪ್ಪುವವರಿಗೆ ಒಂದು ಸುಲಭದ ಗುರುತು ಇದೆ. ಜಪಾನಿ ಹೆಸರಿನ ಶಕ್ತಿ ಶಿನಿಗಾಮಿಯದು, ಸ್ಪ್ಯಾನಿಷ್ ಹೆಸರಿನದು ಹಾಲೋ ಮತ್ತು ಅವುಗಳಿಂದ ಹುಟ್ಟಿದ ಅರಾಂಕಾರ್‌ಗಳದು, ಜರ್ಮನ್ ಹೆಸರಿನದು ಕ್ವಿನ್ಸಿಗಳದು. ಕ್ವಿನ್ಸಿಗಳ ಮುಖ್ಯ ಯೋಧರಾದ ಸ್ಟರ್ನ್‌ರಿಟರ್‌ಗಳಿಗೆ ಒಂದೊಂದು ಇಂಗ್ಲಿಷ್ ಅಕ್ಷರ. ಆ ಅಕ್ಷರದಿಂದ ಆರಂಭವಾಗುವ ಪದವೇ ಅವರ ಶಕ್ತಿ. ಎಫ್ ಅಕ್ಷರದವನದು ಭಯ, ವಿ ಅಕ್ಷರದವನದು ಕಲ್ಪನೆ.

ಇನ್ನು ಇಚಿಗೊ ಕುರೊಸಾಕಿ. ದೆವ್ವ ಕಾಣುವ ಹುಡುಗ, ರುಕಿಯಾಳ ದಯೆಯಿಂದ ಶಿನಿಗಾಮಿ ಆದವನು ಎಂದಷ್ಟೇ ನಾವು ವರ್ಷಗಟ್ಟಲೆ ತಿಳಿದಿದ್ದೆವು. ಮೊದಲ ಭಾಗದ 11 ಮತ್ತು 12ನೆಯ ಕಂತುಗಳು ಅದನ್ನು ಬುಡಮೇಲು ಮಾಡುತ್ತವೆ. ಅವನ ತಂದೆ ಇಶ್ಶಿನ್ ಹತ್ತನೆಯ ದಳದ ನಾಯಕನಾಗಿದ್ದ ಶಿನಿಗಾಮಿ. ತಾಯಿ ಮಸಾಕಿ ಅಪ್ಪಟ ರಕ್ತದ ಕ್ವಿನ್ಸಿ. ಶಿನಿಗಾಮಿಗಳಿಗೆ ದ್ರೋಹ ಬಗೆದ ನಾಯಕ ಐಝೆನ್ ಸೃಷ್ಟಿಸಿದ ‘ವೈಟ್’ ಎಂಬ ಹಾಲೋದಿಂದ ಇಶ್ಶಿನ್‌ನನ್ನು ಕಾಪಾಡಲು ಹೋಗಿ ಮಸಾಕಿ ಅದರ ಕಡಿತಕ್ಕೆ ಸಿಕ್ಕುತ್ತಾಳೆ. ವಿಷದ ನಿಯಮದ ಪ್ರಕಾರ ಅವಳು ಸಾಯಬೇಕು. ಇಶ್ಶಿನ್ ತನ್ನ ಶಿನಿಗಾಮಿ ಶಕ್ತಿಯನ್ನು ಬಿಟ್ಟುಕೊಟ್ಟು, ಜೀವಮಾನವಿಡೀ ಅವಳೊಂದಿಗೆ ಬೆಸೆದುಕೊಂಡು ಆ ವಿಷವನ್ನು ತಡೆದು ನಿಲ್ಲಿಸುತ್ತಾನೆ. ಆ ಹಾಲೋ ಮಗನಿಗೆ ಬರುತ್ತದೆ.

ಇದೇ ಕಂತುಗಳಲ್ಲಿ ಬರುವ ಮಳೆಯ ದಿನವನ್ನು ನೋಡಿ. ಜೂನ್ 17. ಒಂಬತ್ತು ವರ್ಷದ ಇಚಿಗೊ ನದಿದಂಡೆಯಲ್ಲಿ ಒಬ್ಬ ಹುಡುಗಿಯನ್ನು ಕಂಡು ಓಡುತ್ತಾನೆ, ಅದು ಗ್ರ್ಯಾಂಡ್ ಫಿಶರ್ ಎಂಬ ಹಾಲೋದ ಗಾಳ, ಮಗನನ್ನು ಉಳಿಸಲು ಹೋದ ತಾಯಿ ಸಾಯುತ್ತಾಳೆ. ಇಷ್ಟು ಹಳೆಯ ಸರಣಿಯಲ್ಲೇ ಬಂದಿತ್ತು. ಅಮ್ಮ ತನ್ನಿಂದಲೇ ಸತ್ತಳು ಎಂದು ಹುಡುಗ ಬೆಳೆದ. ಆದರೆ ಅಪ್ಪಟ ಕ್ವಿನ್ಸಿಯೊಬ್ಬಳು ಆ ಮಟ್ಟದ ಹಾಲೋಗೆ ಸೋತದ್ದೇಕೆ? ಅದೇ ದಿನ, ಅದೇ ಹೊತ್ತಿಗೆ, ಕ್ವಿನ್ಸಿಗಳ ಮೂಲಪುರುಷ, ಸಾವಿರ ವರ್ಷದ ಹಿಂದೆ ಯಾಮಾಮೊಟೊ ಕೊಲ್ಲದೆ ಬಿಟ್ಟ ಯುಹಾಬಾಹ ‘ಔಸ್‌ವೇಲೆನ್’ ಎಂಬ ಕ್ರಿಯೆಯಿಂದ ತನ್ನ ಸಂತತಿಯವರ ಶಕ್ತಿಯನ್ನು ದೂರದಿಂದಲೇ ಹಿಂತೆಗೆದುಕೊಂಡಿದ್ದ. ಮಸಾಕಿಯ ಶಕ್ತಿ ಬೇಕಾದ ಕ್ಷಣದಲ್ಲೇ ಆರಿಹೋಯಿತು. ಉರ್ಯೂವಿನ ತಾಯಿಯೂ ಅದೇ ದಿನ ಹಾಸಿಗೆ ಹಿಡಿದು ಮತ್ತೆ ಏಳಲಿಲ್ಲ. ಮಾಂಗಾ ಆರಂಭವಾದ ದಿನಗಳಲ್ಲಿ ತೋರಿಸಿದ ಒಂದು ಸಾವಿಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲದ ನಂತರ ಕಾರಣ ಕೊಡುವ ಕಥೆಗಾರನ ತಾಳ್ಮೆಗೆ ನಾನು ತಲೆಬಾಗುತ್ತೇನೆ.

ಅದಕ್ಕಿಂತ ಬೆರಗಿನದು ಇಚಿಗೊನ ಕತ್ತಿಯ ವಿಷಯ. ಆ ಕತ್ತಿಯೊಳಗಿನ ಚೇತನ ಝಾಂಗೆತ್ಸು ಎಂದರೆ ಉದ್ದ ಕೂದಲಿನ, ಕಪ್ಪು ಕೋಟಿನ ಆ ‘ಮುದುಕ’ ಎಂದು ಅವನೂ ನಂಬಿದ್ದ, ನಾವೂ ನಂಬಿದ್ದೆವು. ಆದರೆ ಆ ಮುದುಕ ಅವನೊಳಗಿನ ಕ್ವಿನ್ಸಿ ಶಕ್ತಿಯ ರೂಪ, ಸಾವಿರ ವರ್ಷದ ಹಿಂದಿನ ಯುಹಾಬಾಹನ ಛಾಯೆ. ನಿಜವಾದ ಝಾಂಗೆತ್ಸು, ಅವನು ಉದ್ದಕ್ಕೂ ಹೆದರಿ ದೂರವಿಟ್ಟ ಬಿಳಿಯ ಹಾಲೋ. ಹಳೆಯ ಸರಣಿಯಲ್ಲಿ ಮುದುಕನಿಗೆ ದನಿ ಕೊಟ್ಟಿದ್ದ ತಾಕಾಯುಕಿ ಸುಗೊ ಅವರೇ ಹೊಸ ಸರಣಿಯಲ್ಲಿ ಯುಹಾಬಾಹನಿಗೂ ದನಿ ಕೊಟ್ಟಿದ್ದಾರೆ. ಶತ್ರು ಮೊದಲ ಸಲ ಬಾಯಿ ತೆರೆದಾಗ ಆ ದನಿ ಪರಿಚಿತ ಎನ್ನಿಸಿ ಮೈ ಜುಮ್ಮೆಂದವರು ಎಷ್ಟೋ ಮಂದಿ. 13ನೆಯ ಕಂತಿನಲ್ಲಿ ಇಚಿಗೊ ಇಬ್ಬರನ್ನೂ ತನ್ನವರೆಂದು ಒಪ್ಪಿಕೊಂಡು, ಒಂದರ ಬದಲು ಎರಡು ಕತ್ತಿಗಳನ್ನು ಹಿಡಿದು ಹೊರಬರುತ್ತಾನೆ. ಶಿನಿಗಾಮಿ, ಹಾಲೋ, ಕ್ವಿನ್ಸಿ, ಮನುಷ್ಯ: ಒಬ್ಬರನ್ನೊಬ್ಬರು ಕೊಲ್ಲುತ್ತಾ ಬಂದ ಎಲ್ಲ ಕುಲಗಳೂ ಅವನಲ್ಲಿ ಒಟ್ಟಿಗಿವೆ.

ಯಾಮಾಮೊಟೊ ಯುದ್ಧಕ್ಕಿಳಿಯುವ ಆರನೆಯ ಕಂತನ್ನು ಹಾಗೇ ದಾಟಿಹೋಗಲು ಮನಸ್ಸು ಬಾರದು. ಮುಖ್ಯ ನಾಯಕನ ಬಾಂಕಾಯ್ ಹೇಗಿರಬಹುದು ಎಂದು ಅಭಿಮಾನಿಗಳು ಎಷ್ಟೋ ವರ್ಷ ಊಹಿಸಿದ್ದರು. ಆಕಾಶಕ್ಕೆ ಮುಟ್ಟುವ ಬೆಂಕಿ ಎಂದುಕೊಂಡಿದ್ದರು. ಅವನು ಬಾಂಕಾಯ್ ಎಂದೊಡನೆ ಬೆಂಕಿಯೆಲ್ಲ ಆರಿಹೋಗುತ್ತದೆ. ಕೈಯಲ್ಲಿ ಉಳಿಯುವುದು ಸುಟ್ಟು ಕರಕಲಾದ, ಹೊಗೆಯಾಡುವ ಒಂದು ಕತ್ತಿ. ಜ್ವಾಲೆಯೆಲ್ಲ ಅದರ ಅಂಚಿನೊಳಗೆ ಅಡಗಿದೆ. ದೂರದಲ್ಲಿರುವ, ಮಂಜುಗಡ್ಡೆಯ ಶಕ್ತಿಯುಳ್ಳ ನಾಯಕ ಹಿತ್ಸುಗಾಯಗೆ ಮಂಜುಗಡ್ಡೆ ಕಟ್ಟಲಾಗುವುದಿಲ್ಲ, ಸೋಲ್ ಸೊಸೈಟಿಯ ನೀರೇ ಬತ್ತತೊಡಗಿದೆ. ಅವನನ್ನು ಸುತ್ತುವರಿದ ಶಾಖ ಒಂದೂವರೆ ಕೋಟಿ ಡಿಗ್ರಿ. ದಕ್ಷಿಣ ದಿಕ್ಕಿಗೆ ಕತ್ತಿ ಊರಿದರೆ, ಆ ಕತ್ತಿಗೆ ಬಲಿಯಾದವರ ಬೂದಿ ಅಸ್ಥಿಪಂಜರಗಳಾಗಿ ಎದ್ದು ಅವನಿಗಾಗಿ ಹೋರಾಡುತ್ತದೆ. ಇಷ್ಟೆಲ್ಲ ಆಗಿ ಗೆದ್ದದ್ದು ಯಾರ ಮೇಲೆ? ಯುಹಾಬಾಹನ ವೇಷದಲ್ಲಿದ್ದ ರೊಯ್ಡ್ ಎಂಬ ಸೈನಿಕನ ಮೇಲೆ. ನಿಜವಾದವನು ಆ ಹೊತ್ತಿನಲ್ಲಿ ನೆಲಮಾಳಿಗೆಯ ಸೆರೆಯಲ್ಲಿದ್ದ ಐಝೆನ್‌ನನ್ನು ಕಂಡು ಬಂದಿರುತ್ತಾನೆ. ಬಂದವನೇ ಬಾಂಕಾಯ್ ಕಸಿದು ಮುದಿ ನಾಯಕನನ್ನು ಸೀಳಿಹಾಕುತ್ತಾನೆ. ಸಾವಿರ ವರ್ಷದ ಹಿಂದೆ ಗೆಲುವಿಗಾಗಿ ಯಾವುದಕ್ಕೂ ಹೇಸದೆ ಇದ್ದ ಯಾಮಾಮೊಟೊ, ಕಾಪಾಡಬೇಕಾದವರು ಹೆಚ್ಚಿದಂತೆ ಮೆತ್ತಗಾದ ಎಂದು ಯುಹಾಬಾಹ ಹಂಗಿಸುತ್ತಾನೆ. ಇಲ್ಲಿ ಅನಿಮೆ ಮೊದಲ ಹದಿಮೂರು ನಾಯಕರನ್ನು, ಆ ರಕ್ತಪಿಪಾಸು ಕೊಲೆಗಡುಕರ ಗುಂಪನ್ನು, ನಮಗೆ ಕಾಣಿಸುತ್ತದೆ. ಶಿನಿಗಾಮಿಗಳ ‘ಶಾಂತಿ’ ಕಟ್ಟಿದ ಕೈಗಳು ಎಂಥವು ಎಂಬುದು ಆ ಕೆಲವೇ ಕ್ಷಣಗಳಲ್ಲಿ ಗೊತ್ತಾಗುತ್ತದೆ.

ಹಾಗೆಂದು ಯುಹಾಬಾಹನ ಪಕ್ಷ ನ್ಯಾಯದ್ದಲ್ಲ. ಅವನು ಹುಟ್ಟಿದಾಗ ಕಣ್ಣು ಕಾಣುತ್ತಿರಲಿಲ್ಲ, ಕಿವಿ ಕೇಳುತ್ತಿರಲಿಲ್ಲ, ಮಾತಿರಲಿಲ್ಲ. ಅವನನ್ನು ಮುಟ್ಟಿದವರಿಗೆ ಇಲ್ಲದ್ದು ದೊರೆಯುತ್ತಿತ್ತು, ಏಕೆಂದರೆ ಅವನ ಆತ್ಮದ ತುಣುಕೊಂದು ಅವರಿಗೆ ಸೇರುತ್ತಿತ್ತು. ಅವರು ಸತ್ತಾಗ ಆ ತುಣುಕು ಅವರು ಗಳಿಸಿದ್ದೆಲ್ಲವನ್ನೂ ಹೊತ್ತು ಅವನಿಗೆ ಮರಳುತ್ತಿತ್ತು. ಕೊಟ್ಟಂತೆ ಮಾಡಿ ಬಡ್ಡಿ ಸಮೇತ ವಸೂಲು ಮಾಡುವ ದೇವರು ಅವನು. ಸ್ಟರ್ನ್‌ರಿಟರ್‌ಗಳಿಗೆ ಅಕ್ಷರ ಕೊಟ್ಟದ್ದೂ ಹಾಗೇ. ಬೇಕೆನಿಸಿದಾಗ ತನ್ನ ಸೈನಿಕರಿಂದಲೇ ಶಕ್ತಿ, ಪ್ರಾಣ ಎರಡನ್ನೂ ಹಿಂತೆಗೆಯುತ್ತಾನೆ. ಕ್ವಿನ್ಸಿಗಳ ಪವಿತ್ರ ಗೀತೆಯಲ್ಲಿ ಅವನ ಮರಳುವಿಕೆಯ ಲೆಕ್ಕವೂ ಇದೆ: 900 ವರ್ಷಕ್ಕೆ ಎದೆಬಡಿತ, 90 ವರ್ಷಕ್ಕೆ ಬುದ್ಧಿ, 9 ವರ್ಷಕ್ಕೆ ಶಕ್ತಿ. ಕೂಡಿದರೆ 999. ಕೊನೆಯ 9 ದಿನಗಳಲ್ಲಿ ಜಗತ್ತು. ಶೀರ್ಷಿಕೆಯ ಸಾವಿರ ವರ್ಷದ ಅಂದಾಜು ಇಲ್ಲಿಂದ ಸಿಗುತ್ತದೆ.

ಅವನ ಗುರಿ ಆತ್ಮರಾಜ. ಆತ್ಮರಾಜ ಸಿಂಹಾಸನದ ಮೇಲೆ ಕುಳಿತ ಅರಸನಲ್ಲ. ಕೈಕಾಲಿಲ್ಲದೆ, ಸ್ಫಟಿಕದೊಳಗೆ ಮುಚ್ಚಿಟ್ಟ ಒಂದು ದೇಹ. ಲೋಕಗಳು ಬೇರೆ ಬೇರೆಯಾಗಿ ನಿಂತಿರುವುದು, ಆತ್ಮಗಳು ಅತ್ತಿತ್ತ ಹರಿಯುತ್ತಿರುವುದು ಆ ದೇಹ ಅಲ್ಲಿ ಇರುವುದರಿಂದ. ಅದು ಸತ್ತೊಡನೆ ಎಲ್ಲವೂ ನಡುಗತೊಡಗುತ್ತದೆ. ಆಗ ಮುಂದೆ ಬರುವವನು ಹದಿಮೂರನೆಯ ದಳದ ನಾಯಕ ಉಕಿತಾಕೆ. ಹಳೆಯ ಸರಣಿಯಲ್ಲಿ ಸದಾ ಕೆಮ್ಮುತ್ತಾ, ಸದಾ ನಗುತ್ತಾ ಇದ್ದ ಬಿಳಿಗೂದಲಿನವನು. ಮೂರು ವರ್ಷದವನಾಗಿದ್ದಾಗಲೇ ಸಾಯಬೇಕಾಗಿದ್ದ ಅವನ ಶ್ವಾಸಕೋಶವನ್ನು ನಡೆಸುತ್ತಿದ್ದುದು ಮಿಮಿಹಾಗಿ ಎಂಬ ದೈವ, ಅಂದರೆ ಆತ್ಮರಾಜನ ಬಲಗೈ. ಅದನ್ನು ಬಿಡುಗಡೆ ಮಾಡಿ ಲೋಕಗಳನ್ನು ಸ್ವಲ್ಪ ಹೊತ್ತು ಎತ್ತಿ ಹಿಡಿಯುತ್ತಾನೆ, ಅದೇ ಅವನ ಕೊನೆ. ಒಂದು ವ್ಯವಸ್ಥೆ ನಿಲ್ಲಬೇಕಾದರೆ ಒಂದು ದೇಹ ಶಾಶ್ವತವಾಗಿ ಬಂದಿಯಾಗಿರಬೇಕು. ಅಂಥ ವ್ಯವಸ್ಥೆಯನ್ನು ಕಾಯುವುದು ಸರಿಯೇ? ಕೆಡವಿದರೆ ಉಳಿಯುವವರು ಯಾರು? ಮಾಯುರಿ ಕೊಂದ 28,000 ಆತ್ಮಗಳ ಪ್ರಶ್ನೆ ಮೂರನೆಯ ಭಾಗದಲ್ಲಿ ಈ ರೂಪ ತಾಳುತ್ತದೆ.

ಮಾಂಗಾ ಓದಿದವರೂ ಅನಿಮೆ ಏಕೆ ನೋಡಬೇಕು ಎಂದರೆ, ಮಾಂಗಾದ ಕೊನೆ ಅವಸರದಲ್ಲಿ ಮುಗಿದಿತ್ತು. ಹಲವು ಕಾಳಗಗಳು ಆರಂಭವಾಗಿ ಮಾಯವಾದವು, ಕೆಲವರ ಬಾಂಕಾಯ್ ಕಾಣಿಸಲೇ ಇಲ್ಲ. ಈಗ ಕುಬೊ ಅವರೇ ಮೇಲ್ವಿಚಾರಣೆಗೆ ಕುಳಿತು ಆ ತೆರವುಗಳನ್ನು ತುಂಬಿಸುತ್ತಿದ್ದಾರೆ. ಎರಡನೆಯ ಭಾಗದ ಕೊನೆಯಲ್ಲಿ ಬರುವ, ಆತ್ಮರಾಜನ ರಕ್ಷಕಿ ಸೆಂಜುಮಾರುವಿನ ಬಾಂಕಾಯ್ ಮಾಂಗಾದಲ್ಲಿ ಇಲ್ಲವೇ ಇಲ್ಲ. ನೇಯ್ಗೆಯವಳ ಬಾಂಕಾಯ್ ಆದ್ದರಿಂದ, ಒಬ್ಬೊಬ್ಬ ಶತ್ರುವಿನ ಹಣೆಬರಹವನ್ನೂ ಒಂದೊಂದು ಬಟ್ಟೆಯಲ್ಲಿ ನೇಯ್ದು ಅದರೊಳಗೇ ಅವರನ್ನು ಸಿಕ್ಕಿಸುತ್ತಾಳೆ. ಫಿಲ್ಲರ್ ಎಂಬ ಪದ ಕೇಳಿದರೆ ಉರಿದುಬೀಳುತ್ತಿದ್ದ ಅಭಿಮಾನಿಗಳೇ ಹೀಗೆ ಸೇರಿಸಿದ ದೃಶ್ಯಗಳಿಗೆ ಎದ್ದು ಚಪ್ಪಾಳೆ ತಟ್ಟಿದರು.

ಹಳೆಯದನ್ನು ಮತ್ತೆ ನೋಡಿಯೇ ಮುಂದುವರಿಯುತ್ತೇನೆ ಎನ್ನುವವರು 366 ಕಂತುಗಳಿಗೆ ಹೆದರಬೇಕಿಲ್ಲ. ಸುಮಾರಾಗಿ 64ರಿಂದ 109, 168ರಿಂದ 189, 230ರಿಂದ 265, 317ರಿಂದ 342ರವರೆಗಿನ ಕಂತುಗಳನ್ನು ಬಿಟ್ಟರೆ ಮೂಲಕಥೆಗೆ ಕುಂದಾಗುವುದಿಲ್ಲ. 343ರಿಂದ 366ರವರೆಗಿನ ಫುಲ್‌ಬ್ರಿಂಗರ್ ಪ್ರಕರಣವನ್ನು ಮಾತ್ರ ಬಿಡಬೇಡಿ. ಇಚಿಗೊ ಕಳೆದುಕೊಂಡ ಶಕ್ತಿ ಮರಳಿ ಬರುವುದು ಅಲ್ಲೇ. ಅಷ್ಟಕ್ಕೂ ವ್ಯವಧಾನ ಇಲ್ಲದವರು ರುಕಿಯಾಳನ್ನು ಬಿಡಿಸಿಕೊಂಡು ಬರುವ ಮೊದಲ 63 ಕಂತುಗಳನ್ನಾದರೂ ನೋಡಲಿ. ಉರ್ಯೂ ಮತ್ತು ಮಾಯುರಿ ಎದುರುಬದುರಾಗುವುದು ಅಲ್ಲಿ. ಕ್ವಿನ್ಸಿಗಳನ್ನು ಹಿಡಿದು ಪ್ರಯೋಗಕ್ಕೆ ಬಳಸಿದ್ದನ್ನು, ಉರ್ಯೂವಿನ ಅಜ್ಜನನ್ನೂ ಬಿಡದಿದ್ದುದನ್ನು ಮಾಯುರಿ ಅಲ್ಲಿ ಹೇಳಿಕೊಳ್ಳುತ್ತಾನೆ. ಉರ್ಯೂ ಈಗ ಯುಹಾಬಾಹನ ಉತ್ತರಾಧಿಕಾರಿ ಎಂಬ ಪಟ್ಟ ಹೊತ್ತು, ಗೆಳೆಯರ ಎದುರುಪಕ್ಷದಲ್ಲಿ ನಿಂತಿದ್ದಾನೆ. ಔಸ್‌ವೇಲೆನ್ ಆದ ದಿನ ಮಿಶ್ರರಕ್ತದ ಕ್ವಿನ್ಸಿಗಳಲ್ಲಿ ಬದುಕುಳಿದವನು ಅವನೊಬ್ಬನೇ. ಅವನು ನಿಜವಾಗಿ ಯಾರ ಕಡೆಯವನು, ತಾಯಿಯ ಸಾವಿಗೆ ಕಾರಣನಾದವನ ಪಕ್ಕದಲ್ಲಿ ಏನು ಲೆಕ್ಕ ಹಾಕುತ್ತಿದ್ದಾನೆ ಎಂಬುದು ನಾಲ್ಕನೆಯ ಭಾಗಕ್ಕೆ ಉಳಿದ ದೊಡ್ಡ ಪ್ರಶ್ನೆ. ಮಾಂಗಾ ಅದಕ್ಕೆ ಕೊಟ್ಟ ಜಾಗ ತೀರಾ ಕಡಿಮೆ. ಅಲ್ಲಿ ಕುಬೊ ಏನನ್ನು ಸೇರಿಸುತ್ತಾರೆ ಎಂಬುದನ್ನೇ ನಾನು ಎಲ್ಲಕ್ಕಿಂತ ಹೆಚ್ಚು ಕಾತರದಿಂದ ಎದುರುನೋಡುತ್ತಿದ್ದೇನೆ.